ತುಂಬಿದ ಬಕೆಟ್ಟಿನ ಹೊಟ್ಟೆಕಿಚ್ಚು

ನಾನೊಂದು ಬಕೆಟ್. ಬಿಳಿ ಪ್ಲಾಸ್ಟಿಕ್ ಮೈ, ತಂತಿಯ ಹಿಡಿಕೆ. ಕಾರ್ಖಾನೆಯಲ್ಲಿ ನಾನು ಹುಟ್ಟಿದ ಕೂಡಲೇ ಹೊಟ್ಟೆಗೆ ತಿಳಿ ಹಸಿರು ಬಣ್ಣ ಸುರಿದು, ಬಾಯಿ ಮುಚ್ಚಿ ಹುಬ್ಬಳ್ಳಿಗೆ ಕಳಿಸಿದರು. ಆ ಬಣ್ಣ ಯಾರದೋ ಮನೆಯ ಗೋಡೆಗೆ ಹೋಯಿತು. ನೋಡಲು ಬಂದವರೆಲ್ಲ ಗೋಡೆ ಚೆಂದ, ಗೋಡೆ ಚೆಂದ ಅಂದರು. ಬಣ್ಣವನ್ನು ಹೊತ್ತು ತಂದವರು ಯಾರೆಂದು ಒಬ್ಬರಾದರೂ ಕೇಳಬೇಕಲ್ಲ? ಕೇಳಲಿಲ್ಲ. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು.

ಗೋಡೆಗೆ ಬಣ್ಣ ಬಳಿಯುವಾಗ ಕಿಟಕಿಯ ಗಾಜಿಗೂ ಹನಿ ಸಿಡಿಯುತ್ತದೆ. ಅದನ್ನು ಬ್ಲೇಡಿನಿಂದ ಕೆರೆದು ಒರೆಸಲು ಬಂದಿದ್ದವನು ಗದಿಗೆಪ್ಪ. ಕೆಲಸ ಮುಗಿದ ಮೇಲೆ ಮೇಸ್ತ್ರಿಯನ್ನು ಕೇಳಿ ನನ್ನನ್ನು ಮನೆಗೆ ಒಯ್ದ. ಮುಂದೆ ಗಾಜು ಒರೆಸುವುದನ್ನೇ ಕಸುಬು ಮಾಡಿಕೊಂಡ. ಸೈಕಲ್ಲಿಲ್ಲ, ಗಾಡಿಯಿಲ್ಲ, ಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ನಡಿಗೆ. ನಾನು ಅವನ ಎಡಗೈಯಲ್ಲಿ. ನನ್ನೊಳಗೆ ನೀರು, ಸೋಪಿನ ಬಾಟಲಿ, ಅಂಚಿನ ಮೇಲೆ ಹಳೆ ಧೋತರದ ತುಂಡುಗಳು, ಎಲ್ಲದರ ನಡುವೆ ತಲೆ ಎತ್ತಿಕೊಂಡು ಆ ರಬ್ಬರ್ ವೈಪರ್.

ವೈಪರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ದಾರಿಯುದ್ದಕ್ಕೂ ನನ್ನ ಮೇಲೆ ಸವಾರಿ ಮಾಡುವುದು, ಅಂಗಡಿ ಬಂದ ಕೂಡಲೇ ಗದಿಗೆಪ್ಪನ ಬಲಗೈಗೆ ಹಾರುವುದು. ನಾನು ಕೆಳಗೆ ಚಪ್ಪಲಿಗಳ ಸಾಲಿನಲ್ಲಿ. ಅದು ಮೇಲೆ ಗಾಜಿನ ಮೇಲೆ ಜಾರುತ್ತ, ತನ್ನ ಮುಖ ತಾನೇ ನೋಡಿಕೊಳ್ಳುತ್ತ. ಹೊಲಸು ನೀರು ಮಾತ್ರ ನನ್ನ ಪಾಲಿಗೆ.

ಆದರೆ ನನಗೂ ಒಂದು ದೊಡ್ಡಸ್ತಿಕೆ ಇತ್ತು. ಅವನು ಗಾಜು ಒರೆಸುತ್ತಿದ್ದ ಓಣಿಯಲ್ಲಿ ಬೆಳಗಿನ ಬೋಣಿ, ಅಂದರೆ ಮೊದಲ ವ್ಯಾಪಾರ, ಆಗುವ ತನಕ ಖಾಲಿ ಬಕೆಟ್ ಅಂಗಡಿಯ ಎದುರಿಗೆ ಬರಬಾರದು. ತುಂಬಿದ್ದು ಬಂದರೆ ಶುಭ. ಸೀರೆ ಅಂಗಡಿಯ ಚನ್ನಮಲ್ಲಪ್ಪ ಶಟರ್ ಎತ್ತಿ, ಊದಿನಕಡ್ಡಿ ಹಿಡಿದುಕೊಂಡು ನನ್ನ ದಾರಿ ಕಾಯುತ್ತಿದ್ದ. ಅಂಗಡಿಯ ಹಿಂದೆಯೇ ನಲ್ಲಿ ಇದ್ದರೂ ಗದಿಗೆಪ್ಪ ಓಣಿಯ ತುದಿಯ ನಲ್ಲಿಯಲ್ಲೇ ನನ್ನನ್ನು ಅಂಚಿನ ತನಕ ತುಂಬಿಸಿ, ತುಳುಕದಂತೆ ಹೊತ್ತು ತರುತ್ತಿದ್ದ. ಚನ್ನಮಲ್ಲಪ್ಪ ಕೈ ಮುಗಿಯುತ್ತಿದ್ದುದು ನನಗೆ. ವೈಪರಿಗಲ್ಲ.

ಹೀಗೇ ಹೊತ್ತು ಹೊತ್ತು ಗದಿಗೆಪ್ಪನ ಎಡ ಹೆಗಲು ಕೆಟ್ಟಿತು. ಒಂದು ಸಂಜೆ ಅವನ ಹೆಂಡತಿ ನೀಲವ್ವ ಎಣ್ಣೆ ತಿಕ್ಕುತ್ತ ನನ್ನತ್ತ ಕಣ್ಣು ಬಿಟ್ಟಳು.

"ಹೆಗಲು ಹ್ಯಾಂಗ ಬಾತೈತಿ ನೋಡ್ರಿ. ಆ ಸವತಿನ್ನ ತೋಳಿಗೆ ಕಟಗೊಂಡು ಇನ್ನೂ ಎಷ್ಟ ದಿನ ತಿರಗತೀರಿ?"

"ಸವತಿ ಅಲ್ಲ ಅದು, ಅನ್ನ ಹಾಕೂ ತಾಯಿ."

"ತಾಯಿ ಆಗಿದ್ರ ಮಗನ ತೋಳು ಮುರೀತಿದ್ದಿಲ್ಲ."

ಮರುದಿನವೇ ಅವಳು ಹಳೆಯ ಫ್ಲೆಕ್ಸ್ ಬ್ಯಾನರ್ ಕತ್ತರಿಸಿ ಹೆಗಲಿಗೆ ಹಾಕುವ ಒಂದು ಚೀಲ ಹೊಲಿದಳು. ಅದರ ಮೇಲೆ ಯಾರೋ ಮುಖಂಡರ ಅರ್ಧ ಮೀಸೆ. ಬಾಟಲಿಗೊಂದು ಜೇಬು, ಬ್ಲೇಡಿಗೊಂದು ಜೇಬು, ವೈಪರಿಗಂತೂ ಉದ್ದನೆಯ ಮನೆ. ನನಗೆ ಮೈಯೆಲ್ಲ ಉರಿದುಹೋಯಿತು.

"ನೀರು ಅವರ ಅಂಗಡ್ಯಾಗ ಇರ್ತೈತಿ. ಹೊತಗೊಂಡ ಯಾಕ ಹೋಗಬೇಕು?" ಅಂದಳು ನೀಲವ್ವ.

"ಚನ್ನಮಲ್ಲಪ್ಪನೋರು ಒಪ್ಪೂದಿಲ್ಲ. ಅವರು ಬ್ಯಾಡ ಅಂದ್ರ ಇಡೀ ಓಣಿ ಬ್ಯಾಡ ಅಂತೈತಿ. ಆಮ್ಯಾಲ ಮನ್ಯಾಗ ಕುಂತು ಯಾರ ಗಾಜು ಒರಸಲಿ?"

ಹಾಗಾಗಿ ಚೀಲ, ನಾನು ಎರಡೂ ಅವನ ಜೊತೆ ಹೊರಟೆವು. ಚೀಲ ಬಲ ಹೆಗಲಿಗೆ, ನಾನು ತುಂಬಿಕೊಂಡು ಎಡಗೈಗೆ. ಚೀಲ ಅವನ ಬೆನ್ನಿಗೆ ಒತ್ತಿಕೊಂಡು ಬರುತ್ತಿತ್ತು. ನಾನು ಮಾತ್ರ ಮೊಣಕಾಲಿಗೆ ಬಡಿದುಕೊಳ್ಳುತ್ತ ಬರುತ್ತಿದ್ದೆ. ಹತ್ತು ಹೆಜ್ಜೆಗೊಮ್ಮೆ ಅವನು ನನ್ನನ್ನು ಕೆಳಗಿಟ್ಟು ಹೆಗಲು ಒತ್ತಿಕೊಳ್ಳುತ್ತಿದ್ದ. ಇರಲಿ, ನನ್ನನ್ನು ಬಿಡದಿದ್ದರೆ ಸಾಕು ಅಂದುಕೊಂಡೆ.

ಬಿಟ್ಟ. ಸೀರೆ ಅಂಗಡಿಯ ಮೆಟ್ಟಿಲ ಮೇಲೆ ಕೈ ಸೋತು ಬಿಟ್ಟೇಬಿಟ್ಟ. ನೀರೆಲ್ಲ ರಸ್ತೆಗೆ ಹರಿಯಿತು. ನನ್ನ ಹಿಡಿಕೆಯ ಒಂದು ಕಿವಿ ಮುರಿಯಿತು. ನಾನು ಉರುಳಿ ಹೋಗಿ, ಬಾಯಿ ತೆರೆದುಕೊಂಡು, ಊದಿನಕಡ್ಡಿ ಹಿಡಿದ ಚನ್ನಮಲ್ಲಪ್ಪನ ಕಾಲ ಮುಂದೆ ನಿಂತೆ. ಖಾಲಿ.

"ಏನ ಮಾಡಿದ್ಯೋ ಗದಿಗೆಪ್ಪ," ಅಂದ ಅವನು. "ಇನ್ನೂ ಬೋಣಿಗಿ ಇಲ್ಲ, ಏನಿಲ್ಲ."

"ಕೈ ಬರವಲ್ದರೀ ಧಣಿ."

"ಕೈ ಬರದಿದ್ರ ಬ್ಯಾರೇದವ್ರನ್ನ ನೋಡತೀನಿ. ನಾಳೆ ತುಂಬಿದ್ದು ತಂದ್ರ ಬಾ. ಇಲ್ಲಾಂದ್ರ ಬರಬ್ಯಾಡ."

ಮುರಿದ ನನ್ನನ್ನು ಗದಿಗೆಪ್ಪ ಅಂಗಡಿಯೊಳಗಿನ ಏಣಿಮೆಟ್ಟಿಲ ಕೆಳಗೆ ಇಟ್ಟು ತಲೆ ತಗ್ಗಿಸಿ ಹೋದ. ಅಲ್ಲಿ ಕುಳಿತು ನನಗೆ ಒಂದೇ ಚಿಂತೆ. ನಾಳೆ ಯಾವ ಹೊಸ ಬಕೆಟ್ ಬರುತ್ತದೆ? ಕೆಂಪೋ, ನೀಲಿಯೋ? ಇನ್ನೂ ಬಾರದ ಬಕೆಟ್ಟಿಗೆ ಮನಸ್ಸಿನಲ್ಲೇ ತೂತು ಹಾಕಿ ಇಟ್ಟಿದ್ದೆ.

ಬೆಳಗ್ಗೆ ಅಂಗಡಿಯ ಮುಂದಿನ ಮೆಟ್ಟಿಲಿಗೆ ಎರಡು ಜೊತೆ ಕಾಲು ಬಂದವು. ಹಿಂದಿನವು ಗದಿಗೆಪ್ಪನ ಒಡೆದ ಹಿಮ್ಮಡಿ. ಮುಂದಿನವಕ್ಕೆ ಕಾಲುಂಗುರ. ನೀಲವ್ವ, ಹಸಿರು ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ಒಂದು ಹಿತ್ತಾಳೆಯ ತಂಬಿಗೆ ಹಿಡಿದಿದ್ದಳು. ಅಂಚಿನ ತನಕ ನೀರು. ಬಕೆಟ್ ಎಲ್ಲೂ ಇರಲಿಲ್ಲ.

"ತುಂಬಿದ್ದು ತಂದೀನ್ರೀ ಯಣ್ಣಾ," ಅಂದಳು. "ಎಷ್ಟ ದೊಡ್ಡದು ತರಬೇಕಂತ ನೀವು ಹೇಳಿರಲಿಲ್ಲ."

ಚನ್ನಮಲ್ಲಪ್ಪ ಬಗ್ಗಿ ತಂಬಿಗೆಯೊಳಗೆ ನೋಡಿದ. ಪಕ್ಕದ ದರ್ಜಿ ಇಮಾಮಸಾಬ ಹೊಲಿಗೆ ನಿಲ್ಲಿಸಿ ನಕ್ಕ. "ಮುತ್ತೈದಿ ತಂಬಿಗಿ ಹಿಡಕೊಂಡು ಬಂದಾಳ್ರೀ. ಇದರ ಮ್ಯಾಲ ಇನ್ನೇನ ಶಕುನ ಬೇಕು ನಿಮಗ?"

"ಬಾರವ್ವ ತಂಗಿ, ಒಳಗ ಬಾ," ಅಂದ ಚನ್ನಮಲ್ಲಪ್ಪ, ಕೈ ಮುಗಿಯುತ್ತ. "ಗದಿಗೆಪ್ಪ, ಹಿಂದ ನಲ್ಲಿ ಐತಿ, ಬಾಟ್ಲ್ಯಾಗ ನೀರು ತಗೋ."

ಅಷ್ಟೇ. ಅಂಗಡಿ ಉಳಿಯಿತು, ಓಣಿ ಉಳಿಯಿತು, ಗದಿಗೆಪ್ಪನ ಹೆಗಲು ಉಳಿಯಿತು. ಉಳಿಯದೆ ಹೋದದ್ದು ನಾನೊಂದೇ.

ಈಗ ನನಗೆ ಮುಪ್ಪು. ಏಣಿಮೆಟ್ಟಿಲ ಕೆಳಗೇ ಇದ್ದೇನೆ. ಸೀರೆಗಳ ಪ್ಲಾಸ್ಟಿಕ್ ಹೊದಿಕೆ, ರಟ್ಟು, ಗುಂಡುಸೂಜಿ ನನ್ನೊಳಗೆ ಎಸೆಯುತ್ತಾರೆ. ಭಾರ ಇಲ್ಲವೇ ಇಲ್ಲ. ಅದೇ ನನಗೆ ಅವಮಾನ. ದಿನಾ ಬೆಳಗ್ಗೆ ಗಾಜಿನ ಆಚೆ ಗಂಡ ಹೆಂಡತಿ ನಗುತ್ತ ಬರುವುದು ಕಾಣುತ್ತದೆ. ಚೀಲ ಅವನ ಹೆಗಲಲ್ಲಿ, ವೈಪರ್ ಅವನ ಕೈಯಲ್ಲಿ. ಅವುಗಳನ್ನು ಹೇಗೋ ಸಹಿಸಿಕೊಂಡೇನು.

ತಂಬಿಗೆಯನ್ನು ಸಹಿಸಲಾರೆ. ಗಾಜು ಒರೆಸಿ ಮುಗಿಸಿದ ಮೇಲೆ ಗದಿಗೆಪ್ಪ ಮೆಟ್ಟಿಲ ಮೇಲೆ ಕೂರುತ್ತಾನೆ. ನೀಲವ್ವ ತಂಬಿಗೆ ಅವನ ಕೈಗೆ ಕೊಡುತ್ತಾಳೆ. ಅವನು ತಲೆ ಎತ್ತಿ ಗಟಗಟ ಕುಡಿಯುತ್ತಾನೆ. ಅಷ್ಟು ವರ್ಷ ಅಷ್ಟು ನೀರು ಹೊತ್ತೆ ನಾನು. ನನ್ನ ನೀರನ್ನು ಅವನು ಒಂದು ಗುಟುಕೂ ಕುಡಿಯಲಿಲ್ಲ.