ಸಮಾಧಾನಿ

ಹೊಲಿದ ಬಟ್ಟೆ ತಲುಪಿಸಿ ಅಕ್ಕ ಬರುವಷ್ಟರಲ್ಲಿ ಅವಳ ಮಷಿನ್ನು ಮೆಟ್ಟಿಲ ಕೆಳಗೆ ಬಂದಿತ್ತು. ಕತ್ತರಿ, ಅಳತೆಪಟ್ಟಿ, ಗುಂಡಿಗಳ ಡಬ್ಬಿ ಎಲ್ಲವನ್ನೂ ತಮ್ಮ ಅಚ್ಚುಕಟ್ಟಾಗಿ ಜೋಡಿಸಿದ್ದ. ಒಂದು ಬಲ್ಬನ್ನೂ ತೂಗುಹಾಕಿದ್ದ. ಮಷಿನ್ನು ಇಷ್ಟು ವರ್ಷ ನಿಂತಿದ್ದ ಕಿಟಕಿಯ ಕೋಣೆಯಲ್ಲಿ ಈಗ ಹೊಸ ಮಂಚವಿತ್ತು. ತಮ್ಮನ ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ.

ಅಕ್ಕ ಸ್ಟೂಲಿನ ಮೇಲೆ ಕೂತಳು. ಅರ್ಧ ಹೊಲಿದ ಕಪ್ಪು ಕೋಟನ್ನು ತೊಡೆಯ ಮೇಲೆ ಹರಡಿ ಹೊಲಿಗೆ ಹುಡುಕಿದಳು. ಕಪ್ಪು ಬಟ್ಟೆಯ ಮೇಲೆ ಕಪ್ಪು ನೂಲು. ಬೆರಳಿಗೆ ಸಿಕ್ಕಿತು, ಕಣ್ಣಿಗೆ ಸಿಗಲಿಲ್ಲ.

"ಅಮ್ಮಾ, ಮುಖ ಊದಿಸ್ಕೊಂಡು ಕೂತಿದ್ದಾಳೆ," ತಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದ.

"ಕೇಳದೆ ಎತ್ತಿಟ್ರೆ ಇನ್ನೇನು, ಹಾಡು ಹೇಳ್ತಾಳಾ?" ಅಮ್ಮ ತರಕಾರಿ ಹೆಚ್ಚುತ್ತಲೇ ಅಂದಳು. "ಹೋಗು, ನೂಲು ಪೋಣಿಸ್ಕೊಡು. ಅವಳು ಸಮಾಧಾನಿ."

ಸೊಸೆ ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು. "ಸಮಾಧಾನಿ ಅಂದ್ರೆ? ಅವರಿಗೆ ಕೋಪಾನೇ ಬರಲ್ವಾ ಅತ್ತೆ?"

"ಬರುತ್ತೆ. ಬೇಗ ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ?"

ಅಮ್ಮ ನಕ್ಕಳು. "ಚೆನ್ನಾಗಿ ಕೇಳ್ತೀಯಮ್ಮ ನೀನು!"

ಆ ಮನೆಯಲ್ಲಿ ಯಾರೂ ತಪ್ಪಾಯಿತು ಅನ್ನುತ್ತಿರಲಿಲ್ಲ. ತಪ್ಪು ಮಾಡಿದವರು ಅಕ್ಕನ ಮಷಿನ್ನಿನ ಸೂಜಿಗೆ ನೂಲು ಪೋಣಿಸುತ್ತಿದ್ದರು. ಅವಳು "ಕತ್ತೆ" ಎಂದು ಬೈದು ಪೆಡಲು ಒತ್ತುತ್ತಿದ್ದಳು. ಆ ಸದ್ದು ಕೇಳಿದರೆ ಎಲ್ಲರಿಗೂ ನಿರಾಳ. ಕೂಡಿಬಂದಿದ್ದ ಅವಳ ಮದುವೆಯನ್ನು ಅಪ್ಪ ಬೇಡವೆಂದು ಮುರಿದ ದಿನವೂ ಅಪ್ಪ ಹಾಗೆಯೇ ಬಂದು ಪೋಣಿಸಿದ್ದ. ಆವತ್ತೂ ಮಷಿನ್ನು ಓಡಿತ್ತು.

ತಮ್ಮ ಮೆಟ್ಟಿಲ ಕೆಳಗೆ ಬಗ್ಗಿ ಬಂದ. "ಏನು ಮೇಡಂ, ಅಂಗಡಿ ಮುಚ್ಚಿದ್ರಾ?"

ಅವನು ನೂಲಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಯ ಕಣ್ಣಿಗೆ ಹಿಡಿದ. ಪಕ್ಕಕ್ಕೆ ಹೋಯಿತು. ಕಚ್ಚಿ, ಹೊಸೆದು, ಮತ್ತೆ ಹಿಡಿದ. ಸೂಜಿಯ ಮೇಲೆ ಅವನ ತಲೆಯ ನೆರಳು. ತಲೆ ಸರಿಸಿದರೆ ಕೈಯ ನೆರಳು.

"ಲೈಟ್ ಹಾಕೇ ಅಕ್ಕ."

"ಹಾಕೇ ಇದೆಯಲ್ಲೋ."

ಅವನು ಕತ್ತೆತ್ತಿ ಬಲ್ಬನ್ನು ನೋಡಿದ. ಮತ್ತೆ ಬಗ್ಗಿದ. ನೂಲಿನ ತುದಿ ಸೀಳಿಕೊಂಡಿತು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವಳು "ಕೊಡೋ ಇಲ್ಲಿ" ಎಂದು ಕಿತ್ತುಕೊಳ್ಳುತ್ತಿದ್ದಳು. ಈಗ ಕೈಗಳನ್ನು ಕೋಟಿನ ಮೇಲಿಟ್ಟುಕೊಂಡು ನೋಡುತ್ತಲೇ ಇದ್ದಳು.

"ನೀನೇ ಪೋಣಿಸ್ಕೊಳ್ಳೇ."

"ನಂಗೂ ಕಾಣಲ್ಲ."

ಅವಳ ದನಿ ಏರಿರಲಿಲ್ಲ. ಆದರೂ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು.

ಅಮ್ಮ ಈಳಿಗೆಯ ಮುಂದೆ ಕೈ ತಡೆದು ಮಷಿನ್ನಿನ ಸದ್ದಿಗೆ ಕಾದಳು. ಸೊಸೆ ಯಾವಾಗ ಎದ್ದುಹೋದಳೋ ತಿಳಿಯಲಿಲ್ಲ. ಪಾತ್ರೆಯ ಮೇಲೆ ಅವಳು ಬಿಟ್ಟ ಒದ್ದೆ ಬಟ್ಟೆಯಿತ್ತು. ಕಿಟಕಿಯ ಕೋಣೆಯಿಂದ ಮಂಚದ ಕಾಲು ನೆಲಕ್ಕೆ ಉಜ್ಜುವ ಸದ್ದು ಬಂತು. ನಿಂತಿತು. ಮತ್ತೆ ಬಂತು.