ಬುಡ ನೋಡದ ಮರ

ಮರದ ಬಳಿ ಬಂದರೆ ವೆಂಕಟಗಿರಿಯವರು ಮೊದಲು ಚಪ್ಪಲಿ ಬಿಡುತ್ತಿದ್ದರು. ಬೀದಿಯ ಮರವಿರಲಿ, ಯಾರದೋ ಹಿತ್ತಿಲಿನದಿರಲಿ, ಕಡಿಯಲು ಅರ್ಜಿ ಬಂದ ಮೇಲೆ ಪರೀಕ್ಷಿಸಿ ಅಪ್ಪಣೆ ಕೊಡುವ ಇಲ್ಲವೆ ನಿರಾಕರಿಸುವ ಅಧಿಕಾರ ರಾಜಾಜಿನಗರ ವಲಯದಲ್ಲಿ ಅವರದೇ. ಬೇಸಿಗೆಯಲ್ಲೂ ಕಳಚದ ಕಂದು ಕೋಟು, ಕಂಕುಳಲ್ಲಿ ಫೈಲು, ಬುಡ ಕೆದಕಿ ನೋಡಲೆಂದು ಕಚೇರಿ ಕೊಟ್ಟ ಕಬ್ಬಿಣದ ಸಲಾಕೆ; ಅದನ್ನು ಊರುಗೋಲಿನಂತೆ ಊರುತ್ತ, ಎಡಗಾಲನ್ನು ತುಸು ಎಳೆಯುತ್ತ ಅವರು ಬರುವುದನ್ನು ಕಂಡರೆ ಮನೆ ಕಟ್ಟಿಸುವವರ ಎದೆ ಡವಡವ ಎನ್ನುತ್ತಿತ್ತು. "ಒಂದು ಮರ ಬೆಳ್ಸಿ ತೋರ್ಸ್ರಿ, ಆಮೇಲೆ ಕಡಿಯೋ ಮಾತು" ಎಂದು ಗದರಿ ಅರ್ಜಿಗಳನ್ನು ತಳ್ಳಿಹಾಕುತ್ತಿದ್ದರು. ಆ ಹಟವನ್ನು ಬೈದವರೂ ಅವರು ಉಳಿಸಿದ ಮರಗಳ ನೆರಳಲ್ಲೇ ಬಸ್ಸಿಗೆ ಕಾಯುತ್ತಿದ್ದರು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಕುರುಬರಹಳ್ಳಿಯ ಮುನಿಯಪ್ಪ ಅರ್ಜಿ ಹಾಕಿದ. ಅವನ ಸ್ವಂತ ಜಾಗದ ಅರಳಿಮರ ಮನೆಯ ಕಡೆಗೆ ವಾಲಿತ್ತು. ಬುಡದ ಸುತ್ತ ಅವನ ಅಜ್ಜ ಕಟ್ಟಿಸಿದ ಕಲ್ಲುಕಟ್ಟೆ, ಅದರ ಮೇಲೆ ಅರಿಶಿನ ಮೆತ್ತಿದ ನಾಗರಕಲ್ಲುಗಳು. ವೆಂಕಟಗಿರಿಯವರು ಕೈಮುಗಿದು ಮೂರು ಸುತ್ತು ಬಂದು, ಕಾಂಡವನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಆಲಿಸಿದರು.

"ಕಲ್ಲಿದ್ದಂಗಿದೆ ಕಣಯ್ಯ."

"ಬುಡ ಒಂದ್ಸಲ ನೋಡಿ ಸಾರ್," ಎಂದ ಮುನಿಯಪ್ಪ. "ಕಟ್ಟೆ ಸಂದೀಲಿ ಪುಡಿ ಉದುರ್ತೈತೆ. ನಮ್ಮ ಹೆಂಗಸು ಹನುಮಕ್ಕ ಈ ಮಗ್ಗುಲಲ್ಲೇ ಒಲೆ ಹಚ್ಚೋದು."

"ನಾಗಪ್ಪ ಕೂತಿರೋ ಕಟ್ಟೆಗೆ ಸಲಾಕೆ ಚುಚ್ಲಾ? ಬುದ್ಧಿಗಿದ್ಧಿ ಇದ್ಯಾ ನಿಂಗೆ?"

ಅರ್ಜಿ ತಿರಸ್ಕೃತವಾಯಿತು. ಮುಂದಿನ ತಿಂಗಳ ಮೊದಲ ಮಳೆಗಾಳಿಗೆ ಮರ ಬುಡಸಮೇತ ಮನೆಯ ಮೇಲೆ ಬಿತ್ತು. ಒಲೆಯ ಮುಂದೆ ಕೂತಿದ್ದ ಹನುಮಕ್ಕ ಮತ್ತೆ ಏಳಲಿಲ್ಲ.

ಬಿದ್ದ ಮರವನ್ನು ತೆಗೆಯಲೂ ನಿಯಮದ ಪ್ರಕಾರ ಅರ್ಜಿ ಬೇಕು. ಹೆಂಡತಿಯ ಹನ್ನೊಂದನೆಯ ದಿನ ಮುಗಿಸಿ, ಬೋಳಿಸಿದ ತಲೆಯಲ್ಲೇ ಮುನಿಯಪ್ಪ ಕಚೇರಿಯ ಮೇಜಿನ ಮುಂದೆ ಬಂದು ನಿಂತ. ಬೈಯಲಿಲ್ಲ, ಅಳಲಿಲ್ಲ. "ಈಗ ಬುಡ ಮ್ಯಾಲೇ ಬಂದೈತೆ ಸಾರ್. ನೋಡ್ತೀರಾ?" ಎಂದ.

ವೆಂಕಟಗಿರಿಯವರು ಹೋದರು. ಉರುಳಿಬಿದ್ದ ನಾಗರಕಲ್ಲುಗಳ ನಡುವೆ ಕೂತು, ಸಲಾಕೆಯನ್ನು ಬುಡಕ್ಕೆ ಒತ್ತಿದರು. ಅದು ಹಿಡಿಯವರೆಗೂ ಸಲೀಸಾಗಿ ಇಳಿದುಹೋಯಿತು.

ಅಂದಿನಿಂದ ಅವರಿಗೆ ಚಪ್ಪಲಿ ಬಿಡುವ ಪ್ರಮೇಯವೇ ಬರಲಿಲ್ಲ. ಯಾವ ಮರದ ಬಳಿಗೂ ಹೋಗದೆ, ಬಂದ ಅರ್ಜಿಗೆಲ್ಲ ಕೂತಲ್ಲೇ ಸಹಿ ಹಾಕತೊಡಗಿದರು. ಎಪ್ಪತ್ತೊಂಬತ್ತು ಕಳೆಯುವುದರೊಳಗೆ ಅವರ ವಲಯದ ಬೀದಿಗಳು ಬೋಳಾದವು. ಶಾಲೆಯ ಎದುರಿನ ಹೊಂಗೆಮರ ಉಳಿಸಿಕೊಳ್ಳಲು ಅಲ್ಲಿ ಪಾಠ ಹೇಳುವ ಅಂಬುಜಾ ಮೇಡಮ್ಮು ಬಂದು, "ಗಟ್ಟಿಯಾಗಿದೆ ಸಾರ್, ನೀವೇ ಬಂದು ನೋಡಿ" ಎಂದು ಬೇಡಿಕೊಂಡಾಗ, ತಲೆಯೆತ್ತದೆ "ಯಾರಿಗೆ ಗೊತ್ತಮ್ಮ" ಎಂದಷ್ಟೇ ಅಂದರಂತೆ. ಸಲಾಕೆ ಅವರ ಕುರ್ಚಿಗೆ ಒರಗಿಕೊಂಡೇ ಇತ್ತು.

ಇಂಥವರನ್ನು ಕಟುಕರೆನ್ನಲು ನಾಲಿಗೆ ಏಳುವುದಿಲ್ಲ, ಕ್ಷಮಿಸಲು ಮನಸ್ಸೂ ಒಪ್ಪುವುದಿಲ್ಲ. ಒಮ್ಮೆ ಭಕ್ತಿಯಿಂದ ನೋಡದೆ ಹೋದವರು ಆಮೇಲೆ ಭಯದಿಂದ ನೋಡದೆ ಹೋಗುತ್ತಾರೆ. ಎರಡು ಸಲವೂ ಸಲಾಕೆ ಅವರ ಕೈಯಳತೆಯಲ್ಲೇ ಇರುತ್ತದೆ.