ಅಪ್ಪನ ಕಡೆಯಿಂದ ಬಂದದ್ದು

ಸಮತಾಗೆ ಹದಿನಾಲ್ಕನೇ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಾಗ ಅವಳ ಅಪ್ಪ ಹುಲಿಯಪ್ಪ ಹೆಂಡತಿಯನ್ನೇ ದೂರಿದ್ದ. "ಬೆಲ್ಲ ಕೊಟ್ಟು ಕೊಟ್ಟು ಮಗೂನ ನೀನೇ ಹಾಳು ಮಾಡ್ದೆ" ಎಂಬ ಮಾತಿಗೆ ಚಿನ್ನಮ್ಮ ಎದುರಾಡಲಿಲ್ಲ. ಅಂದಿನಿಂದ ಭದ್ರಾವತಿ ಓಲ್ಡ್ ಟೌನಿನ ಆ ಮನೆಯಲ್ಲಿ ಹಬ್ಬಕ್ಕೂ ಹೋಳಿಗೆ ಬೇಯಲಿಲ್ಲ. ಸಮತಾ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಂಡೇ ಓದು ಮುಗಿಸಿ, ಊರಿನದೇ ಶಾಲೆಯೊಂದರಲ್ಲಿ ಗಣಿತದ ಟೀಚರಾದಳು.

ಇಪ್ಪತ್ತಾರು ತುಂಬಿದ ವರ್ಷ ಅಪ್ಪನ ಜೊತೆ ಶಿವಮೊಗ್ಗದ ವಿದ್ಯಾನಗರಕ್ಕೆ, ಹೊಸದಾಗಿ ಕ್ಲಿನಿಕ್ ತೆರೆದಿದ್ದ ಡಾಕ್ಟರ್ ತನುಜಾ ಬಳಿಗೆ ಹೋದಳು. ತನುಜಾ ಹಳೆಯ ರಿಪೋರ್ಟುಗಳನ್ನು ತಿರುವಿ, "ಮನೇಲಿ ಇನ್ಯಾರಿಗಿದೆ?" ಎಂದು ಕೇಳಿದರು.

"ನಂಗೆ ಇಪ್ಪತ್ತೆಂಟಕ್ಕೇ ಬಂತು. ನಮ್ಮವ್ವಂಗೂ ಇತ್ತು, ಕಡ್ಡಿ ಹಂಗಿದ್ಲು. ಆದ್ರೆ ನಂದೇ ಬೇರೆ, ಇವಳ್ದೇ ಬೇರೆ ಅಂತ ಹಳೇ ಡಾಕ್ಟ್ರು ಅಂದಿದ್ರು," ಎಂದ ಹುಲಿಯಪ್ಪ.

ತನುಜಾ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ತಿಂಗಳ ನಂತರ ಫಲಿತಾಂಶ ಬಂತು. ಇಬ್ಬರಲ್ಲೂ ಒಂದೇ ಜೀನಿನಲ್ಲಿ, ಒಂದೇ ಜಾಗದಲ್ಲಿ ದೋಷವಿತ್ತು.

"ಈ ಜೀನಿಂದ ಆಗೋ ಪ್ರೋಟೀನು ಬೇರೆ ಜೀನುಗಳನ್ನ ಕೆಲಸಕ್ಕೆ ಹಚ್ಚುತ್ತೆ. ನಿಮ್ಮಲ್ಲಿ ಅದು ಸರಿಯಾಗಿ ನಡೀತಿಲ್ಲ. ಹಾಗಾಗಿ ಸಕ್ಕರೆ ಏರಿದ್ರೂ ಇನ್ಸುಲಿನ್ ಬಿಡು ಅನ್ನೋ ಸೂಚನೆ ಜೀವಕೋಶಕ್ಕೆ ಸರಿಯಾಗಿ ಮುಟ್ಟಲ್ಲ. ಇನ್ಸುಲಿನ್ ಒಳಗೆ ಇನ್ನೂ ಇದೆ. ಸಣ್ಣ ಮಾತ್ರೆ ಕೊಟ್ರೆ ಹೊರಗೆ ಬರುತ್ತೆ," ಎಂದರು ತನುಜಾ.

"ಬೆಲ್ಲ ತಿಂದು ಬಂದಿದ್ದಲ್ವಾ ಮೇಡಂ?" ಸಮತಾ ಅಪ್ಪನ ಕಡೆ ನೋಡದೆ ಕೇಳಿದಳು.

"ಅಲ್ಲ. ಇವರಿಂದ ಬಂದಿದ್ದು. ಇವರಿಗೆ ಬಹುಶಃ ಇವರ ತಾಯಿಯಿಂದ. ಯಾರ ತಪ್ಪೂ ಅಲ್ಲ."

ಹುಲಿಯಪ್ಪ ಮನೆ ಸೇರಿದವನೇ ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿಯ ಎದುರು ಕೂತು, "ನನ್ ಕಡೆಯಿಂದ್ಲೇ ಬಂದಿದ್ದಂತೆ ಕಣೆ. ತಪ್ಪಾಯ್ತು," ಎಂದ.

"ಹನ್ನೆರಡು ವರ್ಷ ನಾನೇ ಅಂತ ನಂಬಿದ್ದೆ," ಎಂದಳು ಚಿನ್ನಮ್ಮ. ಮೂರು ದಿನ ಅವನೊಡನೆ ಮಾತು ಬಿಟ್ಟಳು. ಸಮತಾ ನಡುವೆ ಬಾಯಿ ಹಾಕಲಿಲ್ಲ. ಅಮ್ಮನಿಗೆ ಅಷ್ಟು ಸಿಟ್ಟಾದರೂ ಸಲ್ಲಬೇಕು ಅನ್ನಿಸಿತ್ತು.

ಮಾತ್ರೆ ಶುರುವಾದ ಮೊದಲ ವಾರವೇ ಪಾಠ ಮಾಡುವಾಗ ಸಕ್ಕರೆ ಇಳಿದು ಸಮತಾಳ ಕೈ ನಡುಗಿತು. ತನುಜಾ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಇನ್ಸುಲಿನ್ನನ್ನು ಹಂತಹಂತವಾಗಿ ತಗ್ಗಿಸಿ, ಆರನೇ ವಾರ ಪೂರ್ತಿ ನಿಲ್ಲಿಸಿದರು. ಹುಲಿಯಪ್ಪನ ಔಷಧಿಯೂ ಬದಲಾಯಿತು. ಅಷ್ಟರೊಳಗೆ ಸಕ್ಕರೆ ಕಾಯಿಲೆಯಿಂದ ಮಂದವಾಗಿದ್ದ ಅವನ ಎಡಗಣ್ಣು ಮಾತ್ರ ಹಾಗೇ ಉಳಿಯಿತು.

ಮುಂದಿನ ವರ್ಷ ಸಮತಾಳನ್ನು ನೋಡಲು ಕಾಂತರಾಜ್ ಎಂಬುವನು ಬಂದ. ಅವಳು ಕಾಫಿ ಕೊಟ್ಟು, ತನ್ನ ಕಾಯಿಲೆ, ಮಾತ್ರೆಯ ವಿಷಯ ತಿಳಿಸಿ, ಮಕ್ಕಳಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ಮೊದಲೇ ಹೇಳಿಬಿಟ್ಟಳು.

"ಬಂದ್ರೆ ಯಾವ ಮಾತ್ರೆ ಅಂತ ಗೊತ್ತಲ್ಲ," ಎಂದ ಅವನು.